ಗಣಿತ ಅಂತ ಯಾರು ಟೈಪ್ ಮಾಡಿದರು?

"ಗಣಿತ ಅಂತ ನಾನೆಲ್ಲಿ ಟೈಪ್ ಮಾಡ್ದೆ ಅತ್ತಿಗೆ? ಗಣಿತಕ್ಕೂ ನನಗೂ ಮೊದ್ಲೇ ಎಣ್ಣೆ ಸೀಗೆಕಾಯಿ!"

ಹೊಸ ಕಂಪ್ಯೂಟರಿನ ಮುಂದೆ ನಾದಿನಿ ಅಳುವುದೊಂದೇ ಬಾಕಿ. ಮನೆಯವರೇ ನಡೆಸುವ ಬ್ರೈಲ್ ಮುದ್ರಣಾಲಯ ಅದು. ಹಳೆಯ ಕಂಪ್ಯೂಟರು ಬೆಳಿಗ್ಗೆ ಕೈಕೊಟ್ಟಿತ್ತು. ಮಧ್ಯಾಹ್ನ ಅಂಧಮಕ್ಕಳ ಶಾಲೆಯ ವ್ಯಾನು ಬರುತ್ತದೆ. ಪ್ರಶ್ನೆಪತ್ರಿಕೆ ಸಿಗದಿದ್ದರೆ ನಾಳೆ ಪರೀಕ್ಷೆಯಲ್ಲಿ ಆ ಮಕ್ಕಳು ಸುಮ್ಮನೆ ಕೂರಬೇಕು. "ಹೊಸದಕ್ಕೆ ಬೇಕಾದ ಪ್ರೋಗ್ರಾಂ ಎಲ್ಲಾ ನಾನೇ ಹಾಕ್ತೀನಿ, ಯಾರೂ ಬರಬೇಡಿ" ಎಂದು ಜಂಬ ಕೊಚ್ಚಿದವಳೂ ಇವಳೇ. ಕಣ್ಣು ಕಾಣದ ಅಪ್ಪ, ಬೆರಳಲ್ಲೇ ಕರಡು ತಿದ್ದುವವರು, ಸ್ಟೂಲಿನ ಮೇಲೆ ಕಾಯುತ್ತ ಕೂತಿದ್ದರು.

ಅತ್ತಿಗೆ ಹೇಳಿಕೊಟ್ಟಂತೆಯೇ ಅವಳು ಟೈಪ್ ಮಾಡಿದ್ದಳು: ಇನ್‌ಸ್ಟಾಲ್, ಬ್ರೈಲ್, ಅದಕ್ಕಂಟಿದ ಒಂದು ಸ್ಟಾರ್. ಬ್ರೈಲ್ ಎಂದು ಶುರುವಾಗುವ ಪ್ಯಾಕೇಜುಗಳು, ಅಂದರೆ ಬ್ರೈಲ್ ಮುದ್ರಣದ ತಂತ್ರಾಂಶಗಳೆಲ್ಲ, ಬರಬೇಕಿತ್ತು. ಬಂದ ಉತ್ತರ, 'ಬ್ರೈಲ್-ಗಣಿತ ಎಂಬ ಪ್ಯಾಕೇಜ್ ಇಲ್ಲ.'

ಅತ್ತಿಗೆ ತನ್ನ ಕಂಪ್ಯೂಟರಿನಲ್ಲಿ ಅದನ್ನೇ ಟೈಪ್ ಮಾಡಿ ನೋಡಿದಳು. ಅಲ್ಲಿ ಪಟ್ಟಿ ಸರಸರ ಬಂತು. ಬೇರೆ ಯಾರೇ ಆಗಿದ್ದರೂ ಯಂತ್ರಕ್ಕೆ ಹಿಡಿಶಾಪ ಹಾಕುತ್ತಿದ್ದರು. ಈ ಹೆಂಗಸಿನ ತಾಳ್ಮೆಗೆ ಕೈಮುಗಿಯಬೇಕು. ಕುರ್ಚಿ ಎಳೆದು ಕೂತು ಆ ಸಾಲನ್ನು ಮತ್ತೆ ಓದಿದಳು.

"ಈ ಫೋಲ್ಡರಲ್ಲಿ ಏನಿಟ್ಟಿದ್ದೀಯ?"

"ಪ್ರಶ್ನೆಪತ್ರಿಕೆ. ಕಳೆದುಹೋದೀತು ಅಂತ ಮೊದಲು ಅದನ್ನೇ ತಂದಿಟ್ಟೆ. ಹೆಸರು... ಅಯ್ಯೋ! ಬ್ರೈಲ್-ಗಣಿತ!"

"ಅದೇ ಕಣೆ. ನೀನು ಹೇಳಿದ್ದು ಪ್ಯಾಕೇಜ್ ತರೋ ಪ್ರೋಗ್ರಾಂಗೆ ಮುಟ್ಟೋ ಮುಂಚೆ ಶೆಲ್ ಓದತ್ತೆ, ನಾವು ಟೈಪ್ ಮಾಡಿದ್ದನ್ನ ಮುಂದೆ ದಾಟಿಸೋ ಮಧ್ಯವರ್ತಿ ಅದು. ಸ್ಟಾರ್ ಕಂಡ್ರೆ ಬ್ರೈಲ್ ಅಂತ ಶುರುವಾಗೋ ಫೈಲ್ ಇದ್ಯಾ ಅಂತ ಈ ಫೋಲ್ಡರಲ್ಲೇ ಹುಡುಕತ್ತೆ. ನಿನ್ನ ಫೈಲ್ ಸಿಕ್ತು, ಸ್ಟಾರ್ ಬದಲು ಅದರ ಹೆಸರನ್ನೇ ಮುಂದೆ ಕಳಿಸ್ತು. ನನ್ನಲ್ಲಿ ಅಂಥ ಫೈಲ್ ಇಲ್ಲ, ಸ್ಟಾರ್ ಹಾಗೇ ಹೋಯ್ತು."

"ಹಾಗಾದ್ರೆ ತಪ್ಪು ನಂದೇ."

"ಪತ್ರಿಕೆ ಜೋಪಾನ ಮಾಡಿದ್ದು ತಪ್ಪಾ? ಕೋಟ್ ಚಿಹ್ನೆ ಒಳಗೆ ಹಾಕು, ಆಗ ಶೆಲ್ ಸ್ಟಾರನ್ನ ಮುಟ್ಟಲ್ಲ ಅಂತ ನಾನು ಹೇಳಬೇಕಿತ್ತು."

ನಾದಿನಿ ಬ್ರೈಲ್ ಮತ್ತು ಸ್ಟಾರನ್ನು ಕೋಟ್ ಚಿಹ್ನೆಗಳೊಳಗೆ ಹಾಕಿದಳು. ಪಟ್ಟಿ ಬಂತು. ಒಪ್ಪಿಗೆ ಒತ್ತಲು ಹೋದ ಕೈಯನ್ನು ಅತ್ತಿಗೆ ಹಿಡಿದಳು. "ಓದು ಮೊದಲು. ಸ್ಟಾರ್ ಬೇಡದ್ದನ್ನೂ ಎಳ್ಕೊಂಡು ಬರತ್ತೆ." ಬೇಡದ್ದೇನೂ ಇರಲಿಲ್ಲ.

ಮುದ್ರಣಯಂತ್ರ ಕಟಕಟ ಎಂದಿತು. ಮೊದಲ ಹಾಳೆ ಅಪ್ಪನ ಕೈ ಸೇರಿತು. ಬೆರಳು ಸರಿಯುತ್ತ ಹೋಗಿ ತಟಕ್ಕನೆ ನಿಂತಿತು. ನಾದಿನಿ ಹಾಳೆಯ ಮೇಲೆ ಬಗ್ಗಿದಳು.

"ಏನಪ್ಪಾ, ತಪ್ಪಿದ್ಯಾ?"

"ಸುಮ್ನಿರೇ ಸ್ವಲ್ಪ. ಉತ್ತರ ಬರ್ತಾ ಇದೆ."

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ಅಪ್ಪನ ತುಟಿ ಅಲುಗುತ್ತಲೇ ಇತ್ತು, ಬೆರಳು ಮೊದಲನೇ ಲೆಕ್ಕ ಬಿಟ್ಟು ಕದಲಲಿಲ್ಲ.