ಕವರ್ ಕಟ್ಟಿದ ಡಬ್ಬಿ

“ಗೂಬೆ ನನ್ಮಗನೆ, ಡಬ್ಬಿಗೆ ಒಂಚೂರು ಧೂಳು ಕೂತ್ರೂ ನಿನ್ನ ಚರ್ಮ ಸುಲೀತೀನಿ,” ಎಂದು ಕಾರ್ಖಾನೆಯ ಸಾಹೇಬ ಕಾರಿನ ಕಿಟಕಿಯಿಂದಲೇ ಒದರಿದ. ಕಂಬದ ತುದಿಯಲ್ಲಿ ಸೊಂಟದ ಬೆಲ್ಟಿಗೆ ಜೋತುಬಿದ್ದು ಕೊನೆಯ ಬೋಲ್ಟು ಬಿಗಿಯುತ್ತಿದ್ದ ಕಂಬದಣ್ಣ, “ಆಯ್ತು ಸಾ,” ಎಂದ.

ಗಾಳಿಯಲ್ಲಿ ಎಷ್ಟು ಹೊಗೆಯಿದೆ ಎಂದು ಅಳೆಯುವ ಡಬ್ಬಿಗಳವು. ತಂತಿಯಿಲ್ಲ, ಒಂದು ಡಬ್ಬಿ ಪಕ್ಕದ್ದಕ್ಕೆ, ಅದು ಮುಂದಿನದಕ್ಕೆ ಸುದ್ದಿ ದಾಟಿಸಿ ಕೊನೆಗೆ ಸಾಹೇಬನ ಮೊಬೈಲಿಗೆ ಮುಟ್ಟಿಸುತ್ತಿದ್ದವು. ಸೀಸ ಕರಗಿಸುವ ಕಾರ್ಖಾನೆಗೆ ಎಂಟು ಡಬ್ಬಿ ಹಾಕಿದ್ದರು, ಎಂಟೂ ಹೊಗೆ ಸುಳಿಯದ ಹೂದೋಟದ ಕಡೆ. ಹೊಗೆ ಕವಿಯುವ ಕೂಲಿಯವರ ಓಣಿಗೆ ಒಂದೂ ಇಲ್ಲ. ಓಣಿಯವರು ಎರಡು ದಿನ ಆಫೀಸಿನ ಬಾಗಿಲಿಗೆ ಅಡ್ಡ ಕೂತ ಮೇಲೆ ಈ ಒಂಬತ್ತನೆಯದು ಕಂಬದಣ್ಣನ ಮನೆ ಮುಂದಿನ ಕಂಬಕ್ಕೆ ಬಂತು. ತಿಂಗಳೊಳಗೆ ಅದು ಹೊಗೆ ಮಿತಿಮೀರಿದೆ ಎಂದು ತೋರಿಸಿದರೆ ಕುಲುಮೆ ಆರಿಸಬೇಕೆಂದು ಕಾಗದವಾಗಿತ್ತು.

ಕಂಬದಣ್ಣ ಆ ಕಾಗದವನ್ನೇ ನಂಬಿ ಕೂತಿದ್ದ. ಕುಲುಮೆಯ ಮುಂದೆ ಹನ್ನೊಂದು ವರ್ಷ ಬೆಂದ ಅವನ ಹೆಂಡತಿಗೆ ಈಗ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಡಬ್ಬಿ ಕೆಟ್ಟರೆ ಎಲ್ಲ ಮುಗಿಯಿತು ಎಂದು ಹೆದರಿದ ಅವನು, ಅದಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ತೊಡಿಸಿ ಬಾಯಿಗೆ ದಾರ ಬಿಗಿದ. ಕವರ್ ಕಪ್ಪಾದ ಹಾಗೆಲ್ಲ ಬದಲಾಯಿಸಿದ.

ತಿಂಗಳು ಮುಗಿದ ಮರುದಿನ ಸಾಹೇಬ ಬಂದು ಮೊಬೈಲು ನೋಡಿ ಹಲ್ಲು ಕಿರಿದ. “ನಿಮ್ಮ ಗಾಳಿ ಹೂದೋಟಕ್ಕಿಂತ ಚೆನ್ನಾಗಿದೆ ಕಣ್ರೋ. ಸುಮ್ನೆ ಬೊಬ್ಬೆ ಹೊಡೀತೀರ. ಹತ್ತೋ, ಡಬ್ಬಿ ಬಿಚ್ಚು.”

ಹೊಸ್ತಿಲ ಮೇಲೆ ಕೂತಿದ್ದ ಹೆಂಡತಿ ಬಾಗಿಲ ಸಂದಿಯಿಂದ ಕಪ್ಪಾದ ಮೂರು ಕವರ್ ಎಳೆದು ಗಂಡನ ಮುಂದೆ ಎಸೆದಳು.

“ಹೊಗೆಯೆಲ್ಲ ಇದಕ್ಕೇ ಹತ್ತಿದೆ. ಒಳಗಿದ್ದ ಡಬ್ಬಿಗೆ... ಏನು ಗೊತ್ತಾಗತ್ತೆ?”

ತನ್ನ ಕೈಯಾರೆ ಅವಳ ಕುತ್ತಿಗೆ ಹಿಸುಕಿದೆನೆಂದು ಕಂಬದಣ್ಣನಿಗೆ ಆಗ ಹೊಳೆಯಿತು. ಒಂದೇ ಉಸಿರಿಗೆ ಕಂಬ ಹತ್ತಿ ಕವರ್ ಹರಿದ. ಸ್ವಲ್ಪ ಹೊತ್ತಿಗೆ ಕೆಳಗೆ ಸಾಹೇಬನ ಮೊಬೈಲು ಕಿರುಚತೊಡಗಿತು.

“ನೋಡಿ ಸಾ, ಈಗ ಹೇಳ್ತಿದೆ. ತಪ್ಪು ನಂದು. ಇನ್ನೊಂದು ತಿಂಗಳು ಬಿಡಿ ಸಾ, ಕಾಲಿಗೆ ಬೀಳ್ತೀನಿ.”

“ಕವರ್ ನಾನು ಮೊದಲನೇ ವಾರಾನೇ ನೋಡಿದ್ದೆ,” ಎಂದ ಸಾಹೇಬ. “ಕಟ್ಟಿದ್ದು ನೀನು. ನಾನ್ಯಾಕೋ ಬಿಚ್ಚಿಸ್ಲಿ? ತಿಂಗಳು ಮುಗೀತು, ಗಾಳಿ ಚೆನ್ನಾಗಿದೆ ಅಂತ ಸಂಜೆ ರಿಪೋರ್ಟ್ ಹೋಗತ್ತೆ. ಡಬ್ಬಿ ಇಳಿಸು.”

ಕಂಬದಣ್ಣ ಬೆಲ್ಟನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಬಿಗಿದ. ಜೇಬಿನಿಂದ ಸ್ಪ್ಯಾನರ್ ತೆಗೆದು ಚರಂಡಿಗೆ ಬಿಸಾಕಿದ.

“ಇಳಿಯೋ ಸೂಳೆಮಗನೆ.”

“ಇಳಿಯಲ್ಲ ಕಣೋ. ಡಬ್ಬಿ ಬೇಕಾದ್ರೆ ನೀನೇ ಹತ್ತು.”

ಗಾಳಿ ತಿರುಗಿ ಹೊಗೆ ಓಣಿಗೆ ಇಳಿಯಿತು. ಸಾಹೇಬ ಕರ್ಚೀಫು ಮೂಗಿಗೆ ಒತ್ತಿಕೊಂಡು ಕಾರಿನ ಕಡೆ ನಡೆದ.

“ಮೂಗ್ಯಾಕ್ ಮುಚ್ತೀಯಪ್ಪ? ಚೆನ್ನಾಗಿದೆ ಅಂದ್ಯಲ್ಲ,” ಎನ್ನುತ್ತ ಹೆಂಡತಿ ಗೋಡೆ ಹಿಡಿದು ಬಂದು ಕಾರಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತಳು. ಡ್ರೈವರ್ ಹಾರನ್ ಒತ್ತಿದ. ಅವಳು ಕೆಮ್ಮುತ್ತಲೇ ಇದ್ದಳು, ಏಳಲಿಲ್ಲ. ಒಂದೊಂದೇ ಮನೆಯಿಂದ ಜನ ಬಂದು ಅವಳ ಪಕ್ಕ ಕೂರತೊಡಗಿದರು.