ಮೊದಲು ತಂಬಿಗೆ, ಆಮೇಲೆ ಕೌದಿ

ನಾನು ಸ್ಪ್ರಿಂಗ್ ತಕ್ಕಡಿ. ಮುಖ ಊಟದ ತಟ್ಟೆಯಷ್ಟು ಅಗಲ, ಕೆಳಗೊಂದು ಕೊಕ್ಕೆ, ಮೇಲೊಂದು ಬಳೆ. ಹತ್ತು ಕಿಲೋವರೆಗೆ ತೂಗಬಲ್ಲೆ. ಇಪ್ಪತ್ತು ಗ್ರಾಮಿಗೆ ಒಂದು ಗೆರೆ. ನನ್ನ ಕಸುಬೇ ಅನುಮಾನ. ನನ್ನ ಕೊಕ್ಕೆಗೆ ಬರುವ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಯಾರೋ ಮೊದಲೇ ಏನೋ ಹೇಳಿರುತ್ತಾರೆ. ಅದನ್ನು ನಂಬದವರಷ್ಟೇ ನನ್ನ ಹತ್ತಿರ ಬರುತ್ತಾರೆ.

ಹುಟ್ಟಿದ್ದು ದೂರದ ಅಂಬಾಲದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಪರೀಕ್ಷೆ ಮಾಡುವಾತ ಒಂದು ಕಿಲೋ ತೂಕದ ಬಟ್ಟನ್ನು ಒಮ್ಮೆ ತೂಗಿಸಿ ಸುಮ್ಮನಾಗಲಿಲ್ಲ. ತೆಗೆದು ತೆಗೆದು ಮೂರು ಸಲ ತೂಗಿಸಿದ. ಹುಟ್ಟಿದ ದಿನವೇ ಮೂರು ಬಾರಿ ಅನುಮಾನಕ್ಕೆ ಗುರಿಯಾದೆ. ಆಗ ಬೇಸರವಾಗಿತ್ತು. ಈಗ ಅದನ್ನೇ ಮರ್ಯಾದೆ ಎಂದು ಬಲ್ಲೆ.

ಅಲ್ಲಿಂದ ಧಾರವಾಡದ ಒಂದು ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಬಂದೆ. ಮೂವತ್ತು ವರ್ಷ ಗೋಡೆಯ ಮೊಳೆಯಲ್ಲಿದ್ದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಬರಬೇಕಾದ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಅವರು ನನ್ನ ಮುಖವನ್ನೇ ನೋಡದೆ ಅಂಕಿ ಬರೆದುಕೊಳ್ಳುತ್ತಿದ್ದರು. ಅವರನ್ನು ಹಿಡಿಯುತ್ತಿದ್ದವರು ಡೆಮಾನ್‌ಸ್ಟ್ರೇಟರ್ ಚನ್ನವೀರಪ್ಪನವರು. "ಕಣ್ಣು ಮುಳ್ಳಿನ ಎದುರಿಗೇ ಇರಬೇಕು ತಮ್ಮಾ. ಓರೆ ನಿಂತು ನೋಡಿದವರಿಗೆ ಜಗತ್ತೆಲ್ಲ ಓರೇನ" ಎನ್ನುತ್ತಿದ್ದರು. ಪ್ರತಿದಿನ ಬೆಳಿಗ್ಗೆ, ಯಾರೂ ಬರುವ ಮೊದಲು, ತೂಕ ಗೊತ್ತಿರುವ ಬಟ್ಟೊಂದನ್ನು ನನಗೆ ತೂಗುಹಾಕಿ ನೋಡುವುದು ಅವರ ಪದ್ಧತಿ. ದೇವರಿಗೆ ದೀಪ ಹಚ್ಚಿದಷ್ಟೇ ಶ್ರದ್ಧೆಯಿಂದ ಅವರು ನನ್ನನ್ನು ಸಂಶಯಿಸುತ್ತಿದ್ದರು.

ಅವರು ನಿವೃತ್ತರಾದ ವರ್ಷವೇ ಕಾಲೇಜಿಗೆ ಅಂಕಿ ಬೆಳಗುವ ಹೊಸ ತಕ್ಕಡಿಗಳು ಬಂದವು. ಹಳೆಯ ಸಾಮಾನು ಹರಾಜಾಯಿತು. ಚನ್ನವೀರಪ್ಪನವರು ನನ್ನನ್ನು ಧೋತರದಲ್ಲಿ ಸುತ್ತಿ ಮನೆಗೆ ತಂದು ಪಡಸಾಲೆಯಲ್ಲಿ, ತೊಟ್ಟಿಲು ಕಟ್ಟುವ ಕೊಂಡಿಗೆ ನೇತುಹಾಕಿದರು. ಅವರು ಹಳೆಯ ಪತ್ರಿಕೆಗಳನ್ನು ನನ್ನಿಂದ ತೂಗಿಸಿದ ಮೇಲೆಯೇ ರದ್ದಿಯವನನ್ನು ಕರೆಯುತ್ತಿದ್ದರು. ಎರಡು ತಿಂಗಳಲ್ಲಿ ರದ್ದಿಯವ ನಮ್ಮ ಓಣಿಗೆ ಬರುವುದನ್ನೇ ಬಿಟ್ಟ.

ಮರುವರ್ಷ ಅವರ ಮೊಮ್ಮಗಳು ನೀಲಾ ದಿನ ತುಂಬುವ ಮೊದಲೇ ಹುಟ್ಟಿದಳು. ವಾರಕ್ಕೊಮ್ಮೆ ತೂಕ ನೋಡಬೇಕೆಂದು ವೈದ್ಯರು ಹೇಳಿದ್ದರು. ಭಾನುವಾರ ಮುಂಜಾನೆ ಚನ್ನವೀರಪ್ಪನವರು ಮೊದಲು ದೇವರ ಮನೆಯ ಹಿತ್ತಾಳೆ ತಂಬಿಗೆಯನ್ನು ತೂಗಿಸುವರು. ಅದು ಒಂದು ಕಿಲೋ ಇನ್ನೂರನಲವತ್ತು ಬಂದರೆ ನಾನು ಸರಿಯಿದ್ದೇನೆಂದು ಅರ್ಥ. ಆಮೇಲೆ ಬರಿಯ ಕೌದಿ: ನಾನೂರಿಪ್ಪತ್ತು ಗ್ರಾಮು. ಅದು ನೀಲಾಳ ತಾಯಿ ಉಮಾಳ ತವರಿನಿಂದ ಬಂದದ್ದು, ಹಳೆಯ ಇಳಕಲ್ ಸೀರೆಗಳ ತುಂಡು ಹೊಲಿದ ಪುಟ್ಟ ಹೊದಿಕೆ. ಕೊನೆಗೆ ಅದರ ನಾಲ್ಕು ಮೂಲೆ ಗಂಟುಹಾಕಿ, ಒಳಗೆ ಕೂಸನ್ನು ಮಲಗಿಸಿ, ಕೆಳಗೆ ಎರಡೂ ಕೈ ಒಡ್ಡಿಕೊಂಡು ಉಮಾ ನಿಲ್ಲುವಳು. ಮೂರೂ ಅಂಕಿಗಳು ಒಂದು ಪಟ್ಟಿಗೆ ಸೇರುತ್ತಿದ್ದವು. ನನ್ನ ಮುಳ್ಳು ವಾರದಿಂದ ವಾರಕ್ಕೆ ಐದಾರು ಗೆರೆ ಮುಂದೆ ಹೋದರೆ ಉಮಾ ಉಸಿರು ಬಿಡುವಳು. ಒಂದು ಭಾನುವಾರ ಮುಳ್ಳು ಕದಲಲೇ ಇಲ್ಲ. ಗಂಡ ಎದ್ದು ಬಂದ ಮೇಲೆ ಅವಳು ಅವನಿಗೆ ಹೇಳಿದಳು: "ಈ ಕೂಸು ಐದು ಕಿಲೋ ದಾಟ್ಲಿ. ಒಮ್ಮೆ ಎಲ್ಲಾರೂ ಕಡಲು ದಾಟಿ ಬರೋಣು."

ಕೂಸು ಐದು ದಾಟಿತು, ಹತ್ತು ದಾಟಿತು, ನನ್ನ ಕೈ ಮೀರಿ ಬೆಳೆಯಿತು. ಚನ್ನವೀರಪ್ಪನವರು ತೀರಿಕೊಂಡರು. ನಾನು ಅಟ್ಟ ಸೇರಿದೆ.

ನನ್ನನ್ನು ಮತ್ತೆ ಕೆಳಗಿಳಿಸಿದ್ದು ಅವರ ಮಗ ಪ್ರಭುದೇವ. ಆತ ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿದ್ದಾನೆ. ಬೀಜದ ಚೀಲದ ಮೇಲೆ ಏನು ಅಚ್ಚಾಗಿದ್ದರೂ ನಂಬದೆ, ನಾನೂರು ಬೀಜ ಎಣಿಸಿ, ಮೊಳಕೆ ಬರಿಸಿ ನೋಡುವುದು ಅವನ ಕೆಲಸ. ಉಮಾ ಕೇಳಿಕೊಂಡಿದ್ದ ಪ್ರವಾಸಕ್ಕೆ ಕೊನೆಗೂ ಕಾಲ ಕೂಡಿಬಂದಿತ್ತು: ದಸರೆ ರಜೆಯಲ್ಲಿ ನಾಲ್ಕು ದಿನ ಸಿಂಗಪುರ. ಹೋಗುವವರು ಗಂಡ, ಹೆಂಡತಿ, ಏಳು ವರ್ಷದ ಶರಣು, ಮೂರು ವರ್ಷದ ನೀಲಾ.

ಮೊಳಕೆ ನೋಡುವವನು ಪ್ರವಾಸವನ್ನು ಪರೀಕ್ಷಿಸದೆ ಬಿಟ್ಟಾನೆಯೇ? ಹೋಟೆಲಿನ ಕೋಣೆಯ ಚಿತ್ರದಲ್ಲಿ ನೆಲದ ಹಾಸುಬಿಲ್ಲೆ ಎಣಿಸಿ, "ಹನ್ನೊಂದು ಚದರ ಮೀಟರು, ಹೆಚ್ಚಿಲ್ಲ. ಮೂಲ್ಯಾಗ ನಿಂತು ತಗದ ಫೋಟೋ ಇದು" ಎಂದ. ರೈಲು ನಿಲ್ದಾಣದಿಂದ ಹೋಟೆಲಿಗೆ ಐದು ನಿಮಿಷದ ನಡಿಗೆ ಎಂದು ಬರೆದಿತ್ತು. ದೊಡ್ಡವರು ಐದು ನಿಮಿಷ ನಡೆಯುವಷ್ಟು ದೂರವನ್ನು ಓಣಿಯಲ್ಲಿ ಅಳೆದು, ನೀಲಾಳನ್ನು ನಡೆಸಿ, ಗಡಿಯಾರ ಹಿಡಿದು ನೋಡಿದ. ಹತ್ತೊಂಬತ್ತು ನಿಮಿಷ ಹಿಡಿಯಿತು. ಅವಳು ಪ್ರತಿ ಹತ್ತು ಹೆಜ್ಜೆಗೆ ಕುಳಿತು ಒಂದು ಕಲ್ಲು ಆರಿಸುತ್ತಿದ್ದಳು. ಮನೆಗೆ ಬಂದಾಗ ಅವಳ ಅಂಗಿಯ ಕಿಸೆ ಜೋತುಬಿದ್ದಿತ್ತು. ನಾಲ್ಕು ದಿನದ ಪಟ್ಟಿಯಿಂದ ಪ್ರಭುದೇವ ಮೂರು ಜಾಗ ಹೊಡೆದುಹಾಕಿದ.

ವಿಮಾನದ ಟಿಕೆಟ್ಟು ಅಗ್ಗದ್ದು; ಒಬ್ಬೊಬ್ಬರಿಗೆ ಏಳು ಕಿಲೋ ಕೈಚೀಲ, ಅಷ್ಟೇ. ಮೂರು ಚೀಲ ಭರ್ತಿಯಾದವು. ನಾಲ್ಕನೆಯದು ನೀಲಾಳ ಹಸಿರು ಚೀಲ. ಅದರಲ್ಲಿ ಬಟ್ಟೆ, ಔಷಧಿ, ಅವಲಕ್ಕಿ, ಗಂಜಿ ಬೇಯಿಸುವ ಪುಟ್ಟ ಕುಕ್ಕರು. ಅದರ ಮೇಲೆ ಉಮಾ ಕೌದಿಯನ್ನು ಮಡಚಿಟ್ಟಳು. ಹುಟ್ಟಿದಂದಿನಿಂದ ನೀಲಾ ಅದರ ಮೂಲೆ ಹಿಡಿಯದೆ ಕಣ್ಣು ಮುಚ್ಚಿದವಳಲ್ಲ. ಚೀಲವನ್ನು ನನಗೆ ತೂಗುಹಾಕಿದರು. ಆರು ಕಿಲೋ ಒಂಬೈನೂರು.

"ಬಂತಲ್ರೀ!" ಎಂದಳು ಉಮಾ.

ಪ್ರಭುದೇವ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟ ನನಗೆ ಹೊಸದಲ್ಲ. "ನೂರು ಗ್ರಾಮಷ್ಟ ಉಳದೈತಿ. ತಕ್ಕಡಿ ನನಗಿಂತ ಹಳೇದು. ಪರೀಕ್ಷಾ ಮಾಡದ ನಂಬಬಾರ್ದು" ಎಂದ. ಇದುವರೆಗೆ ಸರಿಯೇ. ಆದರೆ ಪರೀಕ್ಷೆಗೆ ಅವನು ತಂದದ್ದು, ಅಂಗಡಿಯಿಂದ ಆಗಷ್ಟೇ ಬಂದ ಅಕ್ಕಿಯ ಚೀಲ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಐದು ಕಿಲೋ ಎಂದಿತ್ತು. ನಾನು ಇದ್ದದ್ದನ್ನು ಹೇಳಿದೆ: ನಾಲ್ಕು ಕಿಲೋ ಆರುನೂರು.

"ನೋಡಿದ್ಯಾ? ಸ್ಪ್ರಿಂಗ್ ಬಿಗದೈತಿ. ಕಡಿಮಿ ತೋರಸ್ತೈತಿ."

ಒಂದು ಚೀಟಿಯಲ್ಲಿ "ಬಂದದ್ದನ್ನು ಐದರಿಂದ ಗುಣಿಸಿ, ನಾಲ್ಕು ಪಾಯಿಂಟ್ ಆರರಿಂದ ಭಾಗಿಸಿ" ಎಂದು ಬರೆದು ನನ್ನ ಹಣೆಗೆ ಅಂಟಿಸಿದ. ಆ ಲೆಕ್ಕಕ್ಕೆ ಹಸಿರು ಚೀಲ ಏಳೂವರೆ ಕಿಲೋ ಆಯಿತು. ಉಳಿದ ಮೂರು ಚೀಲಗಳೂ ಗಡಿ ದಾಟಿದವು. ಬಟ್ಟೆ, ಬೂಟು ಹೊರಬಂದವು. ಹಸಿರು ಚೀಲದಿಂದ ಕೌದಿಯೂ ಅದರ ಜೊತೆ ಒಂದಿಷ್ಟು ಅವಲಕ್ಕಿಯೂ ಹೊರಬಂದವು.

"ನೀಲಾ ಹೊದ್ಕೊಂಡ ಬರ್ಲಿ ಬಿಡಪ್ಪಾ, ರಾಣಿ ಹಂಗ" ಎಂದ ಶರಣು.

"ಕೌಂಟರ್‌ನ್ಯಾಗ ಅದನ್ನೂ ಚೀಲದ ಮ್ಯಾಲೆ ಇಡು ಅಂದ್ರ? ಏಳಂದ್ರ ಏಳು."

ಕೌದಿಯ ಬದಲು ಒಂದು ತೆಳು ಶಾಲು ಕೊಟ್ಟು ನೀಲಾಳನ್ನು ಆ ಮಧ್ಯಾಹ್ನ ಮಲಗಿಸಲು ನೋಡಿದರು. ಎರಡು ಗಂಟೆ ಅತ್ತಳು. ಮರುದಿನವೂ ಅದೇ. ಮೂರನೆಯ ದಿನ ಉಮಾ ಚೀಲಗಳ ನಡುವೆ ನೆಲಕ್ಕೆ ಕುಳಿತಳು.

"ಕೌದಿ ಬರದಿದ್ರ ನಾನೂ ಬರಂಗಿಲ್ರಿ. ಹನ್ನೊಂದು ಚದರ ಮೀಟರಿನ್ಯಾಗ ಅಳೋ ಕೂಸಿನ ಹಿಡಕೊಂಡು ಕುಂದ್ರಾಕ ಕಡಲ್ಯಾಕ ದಾಟಬೇಕು?"

"ಹಂಗಾರ ಟಿಕೆಟ್ ರದ್ದು ಮಾಡ್ಲೇನು?"

"ಮಾಡ್ರಿ."

ಆತನ ಸಿಟ್ಟು ನನ್ನ ಮೇಲೆ ತಿರುಗಿತು. "ಈ ತಕ್ಕಡಿ ಒಂದನ್ನ ಮೊದಲು ಗುಜರಿಗೆ ಹಾಕತೇನಿ" ಎಂದ. ಮೂವತ್ತೈದು ವರ್ಷ ಒಂದು ಗೆರೆ ಸುಳ್ಳು ಹೇಳದ ನನಗೆ ನಾಲಿಗೆಯಿಲ್ಲದ ಸಂಕಟ ತಿಳಿದದ್ದು ಅಂದು. ನನ್ನ ಅನುಮಾನವೆಲ್ಲ ಆ ಅಕ್ಕಿಯ ಚೀಲದ ಮೇಲಿತ್ತು. ಅದು ಮೂಲೆಯಲ್ಲಿ ಸಂಭಾವಿತನಂತೆ ಕುಳಿತಿತ್ತು.

ಉಮಾ ನನ್ನ ಹಣೆಯ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಎದ್ದು, ಕೌದಿಯನ್ನು ನನ್ನ ಕೊಕ್ಕೆಗೆ ಹಾಕಿದಳು. ನಾನೂರಿಪ್ಪತ್ತು. ಆಮೇಲೆ ಕಪಾಟಿನಿಂದ ಮಾವನ ಹಳೆಯ ಪಟ್ಟಿ ತಂದಳು.

"ರೀ, ಸ್ಪ್ರಿಂಗ್ ಬಿಗದಿದ್ರ ಕೌದಿ ಕಡಿಮಿ ತೋರಸಬೇಕಿಲ್ಲೇನು? ಅವತ್ತೂ ಇಷ್ಟ, ಇವತ್ತೂ ಇಷ್ಟ."

"ಅರಿವಿ ಉಮಾ ಅದು. ಹವಾದಾಗಿನ ನೀರು ಹೀರತೈತಿ. ಅದನ್ನ ನೆಚ್ಚಬಾರ್ದು."

"ಹಿತ್ತಾಳಿ ಹೀರತೈತೇನು?"

ದೇವರ ಮನೆಯಿಂದ ತಂಬಿಗೆ ತಂದಳು. ನೀರು ಚೆಲ್ಲಿ, ಸೆರಗಿನಿಂದ ಒಳಗೂ ಹೊರಗೂ ಒರೆಸಿ ತೂಗುಹಾಕಿದಳು. "ಮಾವನವರು ಪ್ರತಿ ಐತವಾರ ಮೊದಲು ಇದನ್ನ ತೂಗತಿದ್ರು. ನೀವು ಆ ಹೊತ್ತಿಗೆ ಮಲಗಿರ್ತಿದ್ರಿ. ಕೂಸಿನ ಕೆಳಗ ಕೈ ಹಿಡದು ನಿಂತಾಕಿ ನಾನು."

ಪ್ರಭುದೇವ ಬಗ್ಗಿ, ಮುಳ್ಳಿನ ಎದುರಿಗೇ ಕಣ್ಣು ತಂದ, ಥೇಟ್ ಅಪ್ಪನಂತೆ. ಒಂದು ಕಿಲೋ ಇನ್ನೂರನಲವತ್ತು. ಪಟ್ಟಿ ನೋಡಿದ. ನಲವತ್ತು ಭಾನುವಾರ ಅದೇ ಅಂಕಿ, ಅಪ್ಪನ ಅಕ್ಷರದಲ್ಲಿ. ನಿಧಾನವಾಗಿ ತಲೆ ಎತ್ತಿ ಮೂಲೆಯ ಅಕ್ಕಿಯ ಚೀಲವನ್ನು ನೋಡಿದ.

"ಅಪ್ಪಾ, ನೀ ಚೀಲದ ಮ್ಯಾಲಿನ ಅಚ್ಚು ನಂಬಿದ್ಯಾ?" ಎಂದು ಶರಣು ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ನಮ್ಮ ಲ್ಯಾಬಿನವರಿಗೆ ಹೇಳಬ್ಯಾಡಪಾ" ಎಂದು ಪ್ರಭುದೇವ ನನ್ನ ಹಣೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಕೌದಿ, ಅವಲಕ್ಕಿ ಎರಡೂ ಚೀಲಕ್ಕೆ ಮರಳಿದವು.

ಅವರು ಹೋದ ದಿನಗಳಲ್ಲಿ ನಾನು ಬರಿಯ ಕೊಕ್ಕೆಯೊಂದಿಗೆ ತೂಗಾಡುತ್ತಿದ್ದೆ. ಮರಳಿ ಬಂದವನೇ ಪ್ರಭುದೇವ ಶರಣುವಿಗೆ ನನ್ನನ್ನು ತೋರಿಸಿ, "ಹೋಗುವಾಗ ಕೌಂಟರ್‌ನ್ಯಾಗ ಹಸರ ಚೀಲ ಎಷ್ಟು ಬಂತಲೇ?" ಎಂದು ಕೇಳಿದ. "ಆರು ಎಂಟುನೂರಾ ತೊಂಬತ್ತು" ಎಂದ ಹುಡುಗ. ಹತ್ತು ಗ್ರಾಮು ವ್ಯತ್ಯಾಸ. ಆ ಯಂತ್ರವನ್ನು ಯಾರಾದರೂ ಪರೀಕ್ಷಿಸುವುದು ಒಳ್ಳೆಯದು ಎಂದು ನನಗನಿಸಿತು.

"ಅಪ್ಪಾ, ನನ್ನ ತೂಗು" ಎಂದು ನೀಲಾ ಕೈ ಎತ್ತಿದಳು.

"ನೀ ದೊಡ್ಡಾಕಿ ಆದಿ ಅವ್ವಾ. ಇದಕ್ಕ ಆಗೂದಿಲ್ಲ. ಕೌದಿ ಕೊಡು, ತೂಗೋಣು."

ಅವಳು ಯಾಕೋ ಕೊಡಲು ಹಿಂಜರಿದಳು. ಪ್ರಭುದೇವ ಮೊದಲು ತಂಬಿಗೆ ತೂಗಿಸಿದ, ಆಮೇಲೆ ಕೌದಿ. ನಾನೂರ ಅರವತ್ತು. ಎರಡು ಗೆರೆ ಹೆಚ್ಚು. ಮತ್ತೆ ಹಣೆಗೆ ಚೀಟಿ ಬರುವುದೇ?

"ಅಲ್ಲಿ ಹವಾದಾಗ ನೀರು ಭಾಳ ಇರತೈತಿ ಅಂತೀರೇನು?" ಎಂದು ಉಮಾ ಚುಚ್ಚಿದಳು.

"ಇಲ್ಲ" ಎಂದ ಅವನು. "ತಕ್ಕಡಿ ಸುಳ್ಳು ಹೇಳಂಗಿಲ್ಲ. ಕೌದ್ಯಾಗ ಏನೋ ಐತಿ."

ಅಂಚನ್ನು ಬೆರಳಿನಿಂದ ತಡವುತ್ತ ಹೋದ. ಹೊಲಿಗೆ ಬಿಚ್ಚಿದ ಒಂದು ಮೂಲೆಯೊಳಗಿಂದ, ಸಿಂಗಪುರದ ಹೋಟೆಲಿನ ಐದು ನಿಮಿಷದ ಆ ದಾರಿಯಲ್ಲೆಲ್ಲೋ ನೀಲಾ ಆರಿಸಿದ್ದ ಬಿಳಿಯ ಕಲ್ಲೊಂದು ಟಣ್ಣೆಂದು ನೆಲಕ್ಕೆ ಬಿತ್ತು. ನನ್ನ ಮುಳ್ಳು ಎರಡು ಗೆರೆ ಹಿಂದೆ ಸರಿಯಿತು.

ಈಗ ನನಗೆ ಕೆಲಸವಿಲ್ಲ. ಹಿತ್ತಲ ಬಾಗಿಲ ಪಕ್ಕದ ಮೊಳೆಯಲ್ಲಿದ್ದೇನೆ. ಹಣೆಯ ಮೇಲೆ ಅಂಟಿನ ಕಲೆ ಇನ್ನೂ ಇದೆ. ಆದರೂ ಭಾನುವಾರ ಮುಂಜಾನೆ ಪ್ರಭುದೇವ ತಂಬಿಗೆ ತಂದು ನನ್ನ ಕೊಕ್ಕೆಗೆ ಹಾಕುತ್ತಾನೆ, ಕಣ್ಣು ನೆಟ್ಟಗಿಟ್ಟು ನೋಡುತ್ತಾನೆ. ನನ್ನ ಮೇಲೆ ಅವನಿಗೆ ಇನ್ನೂ ಅನುಮಾನವಿದೆ. ಅದಕ್ಕಿಂತ ದೊಡ್ಡ ನಂಬಿಕೆಯನ್ನು ನಾನು ಯಾರಿಂದಲೂ ಕಂಡಿಲ್ಲ.