ಮರಳುಗಾಡಿನಲ್ಲಿ ಬಂದ ನೀರು

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಸಿಂಗಾಪುರದ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಚರ್ಚೆ. ಈ ಸಲ ಎಲ್ಲಿಗೆ? ಬಾಲಿ ಆಯಿತು, ಬ್ಯಾಂಕಾಕ್ ಆಯಿತು. ಆಂಗ್ ಮೋ ಕಿಯೋದ ಅನಂತರಾಮ್ ಮನೆಯಲ್ಲಿ ಈ ಸಲ ಮರಳುಗಾಡು ಎಂದು ತೀರ್ಮಾನವಾಗಿತ್ತು. ಆ ಸಂಭ್ರಮದಲ್ಲೇ ಅವರ ಹೆಂಡತಿ ಶೋಭಾ ಒಂದು ಭಾನುವಾರ ಮೇಲಿನ ಮಹಡಿಯ ಪದ್ಮಿನಿಯನ್ನು ಊಟಕ್ಕೆ ಕರೆದಳು.

ಪದ್ಮಿನಿ ಉಡುಪಿ ಕಡೆಯವಳು. ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಒಂದು ಬ್ಯಾಂಕಿನ ಕೆಲಸ. ಮನೆಯಲ್ಲಿ ಒಬ್ಬಳೇ. ಗಂಡ ರಘುರಾಮ ಸಿವಿಲ್ ಎಂಜಿನಿಯರ್ ಆಗಿದ್ದ. ಕಂಪನಿ ಕೆಲಸದ ಮೇಲೆ ಕೊಲ್ಲಿಯ ಒಂದು ದೇಶಕ್ಕೆ ಹೋದವನು ಅಲ್ಲೇ ತೀರಿಕೊಂಡ. ಆಕ್ಸಿಡೆಂಟ್ ಎಂದಷ್ಟೇ ಅಕ್ಕಪಕ್ಕದವರಿಗೆ ಗೊತ್ತು.

ಮೊದಮೊದಲು ಪದ್ಮಿನಿ ನಿಜವನ್ನೇ ಹೇಳುತ್ತಿದ್ದಳು. ಮರಳುಗಾಡಿನಲ್ಲಿ ನೆರೆ ಬಂತು, ಕೊಚ್ಚಿಕೊಂಡು ಹೋದರು ಎನ್ನುತ್ತಿದ್ದಳು. ಕೇಳಿದವರ ಮುಖದಲ್ಲಿ ಮರುಕಕ್ಕಿಂತ ಮೊದಲು ಅನುಮಾನ ಕಾಣಿಸುತ್ತಿತ್ತು. ಆಫೀಸಿನ ಲಿಫ್ಟಿನಲ್ಲಿ ಒಬ್ಬರಂತೂ, “ಮರಳುಗಾಡಲ್ಲಿ ನೀರಾ?” ಎಂದು ನಕ್ಕೇಬಿಟ್ಟರು. ಆಮೇಲೆ ಸಾರಿ ಕೇಳಿದರು, ಅದು ಬೇರೆ ಮಾತು. ಅಂದಿನಿಂದ ಅವಳು ಆ ಸುದ್ದಿ ಎತ್ತುವುದನ್ನೇ ಬಿಟ್ಟಳು. ಅವನ ಸಾವಿನ ಮಾತು ನಿಂತ ಮೇಲೆ ಅವನ ಮಾತೂ ನಿಂತುಹೋಯಿತು. ರಘುರಾಮ ಎಂಬ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಯಿತೋ. ಸಂಜೆ ಎಂ.ಆರ್.ಟಿ. ರೈಲು ಇಳಿಯುವುದು, ಹಾಕರ್ ಸೆಂಟರಿನಲ್ಲಿ ಒಬ್ಬರ ಊಟ ಕಟ್ಟಿಸಿಕೊಳ್ಳುವುದು, ಮನೆಗೆ ಬಂದು ಟಿವಿ ಹಾಕುವುದು. ನೋಡುವುದಕ್ಕಲ್ಲ, ಮನೆಯಲ್ಲಿ ಒಂದು ದನಿ ಇರಲಿ ಎಂದು.

ಊಟವಾದ ಮೇಲೆ ಅನಂತರಾಮ್ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಎರಡೂ ಬದಿ ಕೆಂಪು ಬಂಡೆ. ನಡುವೆ ನುಣ್ಣನೆಯ ಮರಳು. ಮರಳಿನ ಮೇಲೆ ಒಂದು ಟೆಂಟು.

“ಸೂಪರ್ ಸ್ಪಾಟ್ ಅಲ್ವಾ? ಗೈಡ್ ಗೀಡ್ ಏನೂ ಬೇಡ. ಕಾರ್ ಬುಕ್ ಮಾಡಿದೀನಿ. ನಾವೇ ಡ್ರೈವ್ ಮಾಡ್ಕೊಂಡ್ ಹೋಗಿ ಅಲ್ಲೇ ಕ್ಯಾಂಪ್ ಮಾಡ್ತೀವಿ.”

ಪದ್ಮಿನಿ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು. “ಅದು ನದಿ,” ಎಂದಳು.

“ಯಾವ್ದು?”

“ಆ ಟೆಂಟ್ ಹಾಕಿರೋ ಜಾಗ. ಒಣಗಿರೋ ನದಿ ಅದು. ಅಲ್ಲಿಯವರು ವಾದಿ ಅಂತಾರೆ. ಅಲ್ಲಿ ಮಲಗ್ಬೇಡಿ, ಅನಂತರಾಮ್ ಅವರೇ.”

ಅನಂತರಾಮ್ ನಕ್ಕರು. ಕೆಟ್ಟ ಮನಸ್ಸಿನವರಲ್ಲ, ನಗು ಬಂತು, ನಕ್ಕರು. “ಅಲ್ಲಿ ವರ್ಷಕ್ಕೆ ಒಂದೆರಡು ಮಳೆ ಬಂದ್ರೆ ಹೆಚ್ಚು, ಪದ್ಮಿನಿ ಅವರೇ. ಬಂದ್ರೂ ಏನು? ನಾವಿಲ್ಲಿ ದಿನಾ ಮಳೆ ನೋಡಲ್ವಾ? ಸುರಿಯತ್ತೆ, ನಿಲ್ಲತ್ತೆ, ಅಷ್ಟೇ.”

ಪದ್ಮಿನಿ ಎದ್ದಳು. ತಲೆನೋವು ಎಂದು ಹೇಳಿ ಮೇಲೆ ಬಂದುಬಿಟ್ಟಳು.

ಮನೆಗೆ ಬಂದು ಸೋಫಾದ ಮೇಲೆ ಕೂತಳು. ಹೇಳಿದರೆ ಮತ್ತೆ ಅದೇ ನಗು. ಹೇಳದಿದ್ದರೆ? ಅವರ ಮಗಳು ಇಶಿತಾ ಆ ಟೆಂಟಿನೊಳಗೆ ಮಲಗಿರುವುದು ಕಣ್ಣಿಗೆ ಕಟ್ಟಿತು. ಕಿಟಕಿಯಾಚೆ, ಪಾರ್ಕಿನ ನದಿ ಹರಿದು ಬರುವ ದೂರದ ರಿಸರ್ವಾಯರ್ ಕಡೆ, ಆಕಾಶ ಕಪ್ಪಾಗುತ್ತಿತ್ತು. ಪದ್ಮಿನಿ ಎದ್ದು ಕೆಳಗಿಳಿದು ಅವರ ಬಾಗಿಲು ತಟ್ಟಿದಳು.

“ಎಲ್ರೂ ಚಪ್ಪಲಿ ಹಾಕ್ಕೊಳ್ಳಿ. ಪಾರ್ಕಿಗೆ ಹೋಗ್ಬರೋಣ. ನಾನು ಏನೋ ಹೇಳ್ಬೇಕು, ಅಲ್ಲೇ ಹೇಳ್ತೀನಿ.”

ಪಾರ್ಕಿನಲ್ಲಿ ಬಿಸಿಲಿತ್ತು. ನಡುವೆ ಹರಿಯುವ ಪುಟ್ಟ ನದಿಯಲ್ಲಿ ಕಾಲು ಮುಳುಗುವಷ್ಟೇ ನೀರು. ಮಕ್ಕಳು ಕಲ್ಲಿಂದ ಕಲ್ಲಿಗೆ ಜಿಗಿಯುತ್ತಿದ್ದರು. ಪದ್ಮಿನಿ ಇವರನ್ನು ದಂಡೆಯ ಮೇಲಿನ ಹಾದಿಯಲ್ಲೇ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ನೀರು ಏರುವ ಎಚ್ಚರಿಕೆಯ ಕೆಂಪು ದೀಪ ಮಿನುಗಿತು, ಸೈರನ್ ಕೂಗಿತು. ಅಪ್ಪ ಅಮ್ಮಂದಿರು ಮಕ್ಕಳನ್ನು ಎಳೆದುಕೊಂಡು ಮೇಲೆ ಬಂದರು. ನೋಡನೋಡುತ್ತಿದ್ದಂತೆ ನೀರು ಕೆಂಪಗಾಯಿತು, ಕಲ್ಲುಗಳು ಮುಳುಗಿದವು, ಹುಲ್ಲೂ ಮುಳುಗಿತು.

“ಇಲ್ಲಿ ಒಂದ್ ಹನಿ ಬಿದ್ದಿಲ್ವಲ್ಲ!” ಎಂದರು ಅನಂತರಾಮ್.

“ಮಳೆ ಬಿದ್ದದ್ದು ಮೇಲೆ ಎಲ್ಲೋ. ಇಲ್ಲಿ ಸೈರನ್ ಇದೆ, ಹುಲ್ಲಿದೆ, ನೀರು ಹೋಗೋಕೆ ದಾರಿ ಮಾಡಿದಾರೆ. ಅಲ್ಲಿ ಯಾವುದೂ ಇಲ್ಲ. ಅಲ್ಲಿನ ನೆಲ ಒಣಗಿ ಸಿಮೆಂಟ್ ಥರ ಆಗಿರತ್ತೆ, ನೀರು ಇಂಗೋದೇ ಇಲ್ಲ. ಬೆಟ್ಟದ ಮೇಲೆ ಬಿದ್ದದ್ದೆಲ್ಲ ಒಂದೇ ಕಣಿವೆಗೆ ನುಗ್ಗತ್ತೆ.” ಪದ್ಮಿನಿ ನೀರನ್ನೇ ನೋಡುತ್ತಿದ್ದಳು. “ನಮ್ಮ ರಘು ಹೋಗಿದ್ದು ಹಾಗೇ.”

ಯಾರೂ ನಗಲಿಲ್ಲ.

“ಶುಕ್ರವಾರ ರಜೆ ಅಂತ ಆಫೀಸಿನವರ ಜೊತೆ ವಾದಿ ನೋಡೋಕೆ ಹೋಗಿದ್ರು. ನೀಲಿ ಆಕಾಶ. ಮೊದಲು ಒಂದು ಗೆರೆಯಷ್ಟು ನೀರು ಬಂತಂತೆ. ಎಲ್ರೂ ಖುಷಿಯಾಗಿ ಫೋಟೋ ತೆಗೆದ್ರಂತೆ. ಆಮೇಲೆ ಲಾರಿ ಬಂದ ಹಾಗೆ ಸದ್ದು. ಗುರುಮೂರ್ತಿ ಅಂತ ಒಬ್ರು, ಇದನ್ನೆಲ್ಲ ನಂಗೆ ಹೇಳಿದವರು ಅವರೇ, ಮತ್ತೆ ಉಳಿದವರು ಬಂಡೆ ಹತ್ತಿದ್ರು, ಬದುಕಿದ್ರು. ರಘು ಮಾತ್ರ ಕಾರ್ ತೆಗೆಯೋಕೆ ಓಡಿದ್ರು. ಮೊಣಕಾಲಷ್ಟೇ ನೀರಿದೆ, ದಾಟಿಸ್ತೀನಿ ಅಂದ್ರಂತೆ. ಕಾರು ಆಟದ ಸಾಮಾನಿನ ಹಾಗೆ ತೇಲ್ಕೊಂಡ್ ಹೋಯ್ತು.”

ಪದ್ಮಿನಿ ಮುಂದುವರಿಸಿದಳು. “ಕೆಳಗಡೆ ಆಡು ಮೇಯಿಸ್ತಿದ್ದ ಒಬ್ಬ ತಾಯಿ, ಇಬ್ಬರು ಮಕ್ಕಳು ಇದ್ರಂತೆ. ಅವರೂ ಹೋದ್ರು. ಅವರ ಹೆಸರು ಕೂಡ ನಂಗೆ ಗೊತ್ತಿಲ್ಲ. ಪ್ರತಿ ವರ್ಷ ಆ ದಿನ ಬಂದಾಗ ರಘು ಜೊತೆ ಅವರಿಗೂ ದೀಪ ಹಚ್ತೀನಿ.”

“ಒಬ್ರೇ ಹಚ್ತೀರಾ?” ಎಂದಳು ಶೋಭಾ.

ಪದ್ಮಿನಿ ಹೌದೆಂದು ತಲೆಯಾಡಿಸಿದಳು.

“ಹಾಗಾದ್ರೆ ನಾವು ಏನ್ ಮಾಡ್ಬೇಕು ಲಾ, ಆಂಟಿ? ಟ್ರಿಪ್ ಕ್ಯಾನ್ಸಲ್ಲಾ?” ಸಿಂಗಾಪುರದ ಮಕ್ಕಳ ‘ಲಾ’ ಸೇರಿಸಿ ಇಶಿತಾ ಕೇಳಿದಳು.

“ಯಾಕಮ್ಮ? ಹೋಗಿ, ಮರಳುಗಾಡು ಚೆಂದ ಇದೆ. ಆದ್ರೆ ಅಲ್ಲಿಯವರನ್ನ ಕೇಳದೆ ಕಣಿವೆಗೆ ಇಳೀಬೇಡಿ. ನಿಮ್ಮ ತಲೆ ಮೇಲಿನ ಆಕಾಶ ಮಾತ್ರ ಅಲ್ಲ, ಬೆಟ್ಟದ ಕಡೆ ಮಳೆ ಇದೆಯಾ ಅಂತಾನೂ ನೋಡಿ. ನೀರು ಒಂದು ಗೆರೆಯಷ್ಟು ಬಂದ್ರೂ ಸಾಕು, ಎಲ್ಲ ಬಿಟ್ಟು ಎತ್ತರಕ್ಕೆ ಹತ್ತಿ. ಕಾರು ಹೋದ್ರೆ ಹೋಗ್ಲಿ.”

ಅನಂತರಾಮ್ ತುಂಬಿ ಹರಿಯುತ್ತಿದ್ದ ನೀರಿನತ್ತ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ರಘುರಾಮ್ ಅವರು ಹೇಗಿದ್ರು?”

ಅಂಥದ್ದೊಂದು ಪ್ರಶ್ನೆಯನ್ನು ಪದ್ಮಿನಿ ನಿರೀಕ್ಷಿಸಿರಲಿಲ್ಲ. ಕಣ್ಣು ತುಂಬಿತು, ಜೊತೆಗೆ ನಗುವೂ ಬಂತು. “ಮಾರ್ಕೆಟ್ಟಲ್ಲಿ ಮೀನು ಮಾರೋ ಚೀನೀ ಅಂಕಲ್ ಹತ್ರ ತುಳುವಲ್ಲಿ ಚೌಕಾಸಿ ಮಾಡ್ತಿದ್ರು. ಅಂಕಲ್‌ಗೆ ಎಲ್ಲ ಅರ್ಥ ಆಗತ್ತೆ ಅಂತ ಇವರ ನಂಬಿಕೆ!” ಆ ಸಂಜೆ ಅವಳು ಮನೆ ತಲುಪುವವರೆಗೂ ಅವನ ಬಗ್ಗೆ ಮಾತಾಡುತ್ತಲೇ ಇದ್ದಳು.

ಅನಂತರಾಮ್ ಕ್ಯಾಂಪಿನ ಯೋಚನೆ ಕೈಬಿಟ್ಟರು. ಎತ್ತರದಲ್ಲಿರುವ ಒಂದು ಲಾಡ್ಜ್ ಹಿಡಿದರು, ಊರಿನ ಗೈಡ್ ಒಬ್ಬನನ್ನು ಗೊತ್ತುಮಾಡಿಕೊಂಡರು. ಅಲ್ಲಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಆತ ಬೆಟ್ಟದ ಕಡೆ ನೋಡಿ, ಇವತ್ತು ಕಣಿವೆಗೆ ಬೇಡ ಎಂದ. ಇವರು ಇಡೀ ದಿನ ಲಾಡ್ಜಿನಲ್ಲಿ ಇಸ್ಪೀಟು ಆಡುತ್ತ ಕೂತರು. ಅಂದು ಅಲ್ಲಿ ನೀರು ಬಂತೋ ಇಲ್ಲವೋ, ಇವರಿಗೆ ತಿಳಿಯದು. ಬಾರದಿದ್ದರೂ ನಷ್ಟವೇನಿಲ್ಲ.

ರಘುರಾಮ ಹೋದ ದಿನ ಮತ್ತೆ ಬಂದಾಗ ಅವರು ಮೂವರೂ ಮೇಲೆ ಬಂದರು. ದೀಪಗಳನ್ನು ಎಲ್ಲರೂ ಸೇರಿ ಹಚ್ಚಿದರು. ಶೋಭಾ ರಘುರಾಮನ ಹೆಸರು ಹೇಳಿದಳು. ಹೆಸರು ಗೊತ್ತಿಲ್ಲದ ಆ ತಾಯಿಯನ್ನು, ಮಕ್ಕಳನ್ನು ನೆನೆದು ಎಲ್ಲರೂ ಕೈಮುಗಿದರು. ಕಾಫಿ ಕುಡಿದು ಅವರು ಹೊರಟ ಮೇಲೆ ಮನೆ ಮತ್ತೆ ಮೊದಲಿನಂತೆ ಮೌನವಾಯಿತು. ಪದ್ಮಿನಿಯ ಒಂಟಿತನ ಹೋಯಿತೆಂದರೆ ಅದು ಸುಳ್ಳು. ಆದರೆ ಅಂದು ಅವಳು ಟಿವಿ ಹಾಕಲಿಲ್ಲ. ದೀಪಗಳು ತಾವಾಗಿ ಆರುವವರೆಗೂ ಅವುಗಳ ಹತ್ತಿರ ಕೂತಿದ್ದಳು.

ಓದುವವರೇ, ಕೇಳುವವರೇ, ರಜೆಗೆ ಒಣ ನಾಡುಗಳಿಗೆ ಹೊರಟಿದ್ದೀರಾ? ನೆಲ ಒಣಗಿದೆ ಎಂದು ನಂಬಿ ನದಿಯ ಹಾದಿಯಲ್ಲಿ ಮಲಗಬೇಡಿ. ಹರಿಯುವ ನೀರಿಗೆ ಕಾರು ಇಳಿಸಬೇಡಿ. ಹವಾಮಾನದ ಎಚ್ಚರಿಕೆ ಬಂದರೆ ಪ್ರವಾಸವನ್ನು ಮುಂದೂಡಿ. ಇನ್ನೊಂದು ಮಾತು. ನಿಮ್ಮ ಬ್ಲಾಕಿನಲ್ಲೇ ಯಾರೋ ತಮ್ಮವರನ್ನು ಕಳೆದುಕೊಂಡು ಒಬ್ಬರೇ ಇದ್ದಾರು. ಹೋದವರು ಹೇಗೆ ಹೋದರು ಎಂದಲ್ಲ, ಹೇಗೆ ಬದುಕಿದ್ದರು ಎಂದು ಕೇಳಿ. ಕೇಳಿ, ಮತ್ತೆ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ.